ಬಿದ್ದು ತೋರಿಸುವ ಮಲ್ಲಕ್ಕ

ಹೊಳಲ್ಕೆರೆ ಆಸ್ಪತ್ರೆಯ ಹಿಂದಿನ ಜಗಲಿಗೆ ಇನ್ನೂ ಬಿಸಿಲು ಇಳಿದಿಲ್ಲ. ಮಲ್ಲಕ್ಕ ನೆಲ ಒರೆಸಿ, ಅದು ಆರುವತನಕ ಕಂಬಕ್ಕೊರಗಿ ಎಲೆಯಡಿಕೆ ಜಗಿಯುತ್ತಾಳೆ. ಆಮೇಲೆ ಬಾಯಿ ಮುಕ್ಕಳಿಸಿ, ಬಳೆಗಳನ್ನು ಮೇಲಕ್ಕೆ ಸರಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು ಅದೇ ನೆಲದ ಮೇಲೆ ಅಂಗಾತ ಮಲಗುತ್ತಾಳೆ. ಡಾಕ್ಟರು ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಕಾಂಪೌಂಡರ್ ಗೋವಿಂದಯ್ಯ ಅವಳ ತಲೆಯ ಹತ್ತಿರ ನಿಲ್ಲುತ್ತಾರೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅವಳ ಮುಖ ಅವಳದಾಗಿ ಉಳಿಯುವುದಿಲ್ಲ.

ಮಲ್ಲಕ್ಕ ಇಲ್ಲಿಯ ಆಯಾ. ಗುಡಿಸುವುದು, ಸಾರಿಸುವುದು, ಹೆರಿಗೆಯ ಬಟ್ಟೆ ಒಗೆಯುವುದು ಅವಳ ಕೆಲಸ. ಸಂಬಳವೂ ಅದಕ್ಕೇ. ಈ ಇನ್ನೊಂದು ಕೆಲಸಕ್ಕೆ ಹೆಸರೇ ಇಲ್ಲ. ಮೂರ್ಛೆ ಬೀಳುವವರನ್ನು ಮನೆಯವರು ಗಾಡಿ ಕಟ್ಟಿಕೊಂಡು ಕರೆತರುತ್ತಾರೆ. ಆದರೆ ಡಾಕ್ಟರ ಮುಂದೆ ಯಾರೂ ಬೀಳುವುದಿಲ್ಲ. ಬಿದ್ದದ್ದನ್ನು ಕಾಣದೆ ಅದು ಯಾವ ಬಗೆಯದೆಂದು ಹೇಳುವುದು ಕಷ್ಟ. ತಲೆಗೆ ತಂತಿ ಹಚ್ಚಿ ನೋಡುವ ಯಂತ್ರ ಇರುವುದು ಬೆಂಗಳೂರಿನಲ್ಲಿ. ಹಾಗಾಗಿ ಮಲ್ಲಕ್ಕ ಬೀಳುವವರ ಮನೆಗೇ ಹೋಗಿ ಕೂರುತ್ತಾಳೆ. ಅವರು ಬೀಳುವುದನ್ನು ನೋಡುತ್ತಾಳೆ. ಬಂದು, ಹಾಗೆಯೇ ಬಿದ್ದು ತೋರಿಸುತ್ತಾಳೆ.

ಇದು ಶುರುವಾದದ್ದು ಒಬ್ಬ ತಾಯಿಯಿಂದ. 'ಮಗು ಹೇಗೆ ಬೀಳುತ್ತೆ?' ಎಂದು ಡಾಕ್ಟರು ಕೇಳಿದರೆ ಆ ಹೆಂಗಸಿಗೆ ಅಳು ಬಿಟ್ಟು ಮಾತು ಹೊರಡಲಿಲ್ಲ. ಹಿಂದಿನ ದಿನ ಗೇಟಿನ ಹತ್ತಿರ ಆ ಮಗು ಬಿದ್ದದ್ದನ್ನು ಕಂಡಿದ್ದ ಮಲ್ಲಕ್ಕ ಪೊರಕೆ ಬದಿಗಿಟ್ಟು ಬಿದ್ದೇಬಿಟ್ಟಳು. "ಚಿಕ್ಕವಳಿದ್ದಾಗ ಊರೋರ ನಡಿಗೆಯೆಲ್ಲ ಅಣಕಿಸಿ ಒದೆ ತಿಂತಿದ್ದೆ. ಒದೆ ತಿಂದ ವಿದ್ಯೆ ಅಲ್ವಾ, ಮರ್ತಿಲ್ಲ" ಎನ್ನುತ್ತಾಳೆ.

ಗಂಡ ದೊಡ್ಡತಿಮ್ಮಪ್ಪನಿಗೆ ಇದು ಒಗ್ಗದು. ಬಿದ್ದು ತೋರಿಸಿದ ದಿನ ಹಿತ್ತಲಲ್ಲಿ ಮೈ ತೊಳೆಯದೆ ಅವಳು ಒಲೆ ಮುಟ್ಟುವಂತಿಲ್ಲ. "ಯಾರ್ಯಾರದೋ ದೆವ್ವ ಹೊತ್ಕಂಡು ಬಂದು ನಮ್ಮನೇಲಿ ಇಳಿಸಬ್ಯಾಡ ಕಣೇ" ಎನ್ನುತ್ತಾನೆ. "ನಿನ್ನ ಜೊತೆ ಬಾಳಾಕೆ ಯಾವ ದೆವ್ವ ಒಪ್ತೈತೆ?" ಎಂದು ಇವಳು ನೀರು ಸುರಿದುಕೊಳ್ಳುತ್ತಾಳೆ.

ಇವತ್ತು ಅವಳ ಮೈಯಲ್ಲಿರುವುದು ರಾಮಗಿರಿಯ ಪಾಲಮ್ಮ. ಕುರಿ ಸಾಕುವ ಮನೆಯ ಸೊಸೆ. ಮೂರ್ಛೆಯ ಮಾತ್ರೆ ನುಂಗಿ ನುಂಗಿ ಹಗಲೆಲ್ಲ ತೂಕಡಿಸುತ್ತಾಳೆ, ಬೀಳುವುದು ಮಾತ್ರ ನಿಂತಿಲ್ಲ. ಸೋಮವಾರ ಹಣೆಗೆ ಬರೆ ಹಾಕುವುದೆಂದು ಹಿರಿಯರು ಗೊತ್ತುಮಾಡಿದ್ದಾರೆ. ಅದನ್ನು ಹೇಳಿಹೋಗಲು ಬಂದ ಅತ್ತೆ ಯಲ್ಲಕ್ಕ ಬಾಗಿಲಲ್ಲಿ ನಿಂತಿದ್ದಾಳೆ.

ಮಲ್ಲಕ್ಕನ ತಲೆ ಅತ್ತಿತ್ತ ಹೊರಳುತ್ತದೆ. ಕಣ್ಣುಗಳು ಬಿಗಿಯಾಗಿ ಮುಚ್ಚಿವೆ, ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯುತ್ತಿದೆ. ಗೋವಿಂದಯ್ಯ ಎಂದಿನಂತೆ ಅವಳ ಅಂಗೈಗೆ ಬೀಗದಕೈ ಇಡುತ್ತಾರೆ. ಹಳ್ಳಿಗಳಲ್ಲಿ ಬಿದ್ದವರ ಕೈಗೆ ಕಬ್ಬಿಣ ಕೊಡುವುದು ವಾಡಿಕೆ. ಬೀಗದಕೈ ದೂರ ಸಿಡಿಯುತ್ತದೆ. ಎರಡು ಮುಷ್ಟಿಗಳೂ ಎದೆಯ ಮೇಲೆ ಒಂದರ ಹಿಂದೊಂದು ಏಳುತ್ತವೆ, ಇಳಿಯುತ್ತವೆ. ನಿಲ್ಲುತ್ತವೆ. ಮತ್ತೆ ಏಳುತ್ತವೆ.

"ಏನಮ್ಮ, ಏನು ಸೇದ್ತಿದ್ದೀ?" ಎಂದು ಗೋವಿಂದಯ್ಯ ನಗೆಯಾಡುತ್ತಾರೆ.

ಉತ್ತರ ಬರುವುದು ಬಾಗಿಲಿನಿಂದ. "ಆ ಬಾವಿ ಮುಚ್ಚಿಸಿದ್ವಲ್ಲ" ಎನ್ನುತ್ತಾಳೆ ಯಲ್ಲಕ್ಕ, ತನಗೇ ಹೇಳಿಕೊಂಡಂತೆ.

ಸಾಕು ಎಂದು ಡಾಕ್ಟರು ಕೈ ಎತ್ತುತ್ತಾರೆ. "ಮಲ್ಲಕ್ಕ" ಎಂದು ಗೋವಿಂದಯ್ಯ ಕರೆಯುತ್ತಾರೆ. ಹೆಸರು ಕೂಗಿದರೆ ಏಳಬೇಕು, ಅದು ಇಲ್ಲಿಯ ಕಟ್ಟಳೆ. ಮುಷ್ಟಿಗಳು ಸೇದುತ್ತಲೇ ಇವೆ. ಮತ್ತೆ ಕರೆಯುತ್ತಾರೆ, ಈಗ ದನಿಯಲ್ಲಿ ನಗೆಯಿಲ್ಲ. ಜಗಲಿಯಲ್ಲಿ ಅವಳ ಬಳೆಯದೊಂದೇ ಸದ್ದು. ಕೊನೆಗೆ ಕಣ್ಣು ತೆರೆದವಳು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಾಳೆ.

"ಭಾರ ಇತ್ತು" ಎನ್ನುತ್ತಾಳೆ. "ತೋರಿಸ್ತಿದ್ದೋಳು ನಾನೇ. ಆದ್ರೆ ಕೈಯಾಗೆ ಭಾರ ಇತ್ತು."

ಯಲ್ಲಕ್ಕ ಜಗಲಿಯ ಅಂಚಿಗೆ ಕುಕ್ಕರಿಸುತ್ತಾಳೆ. ಪಾಲಮ್ಮನ ತಂಗಿ ಗಿರಿಯಮ್ಮ ಅಕ್ಕನ ಮನೆಗೆ ಬಂದವಳು ಬಾವಿಗೆ ಜಾರಿದ್ದಳಂತೆ. "ಪಾಲಮ್ಮ ಹಗ್ಗ ಇಳಿಬಿಟ್ಲು, ಅವಳು ಹಿಡಕಂಡ್ಲು. ಅರ್ಧಕ್ಕೆ ಬಂದಿದ್ಲು, ಕೈ ಜಾರ್ತು, ಮುಳುಗೋದ್ಲು. ಬಾವಿಗೆ ಮುಳ್ಳು ಎಳೆಸಿದ್ವಿ. ಆ ಮಾತು ಯಾರೂ ಎತ್ತಂಗಿಲ್ಲ ಅಂತ ಮಾಡಿದ್ವಿ."

ಡಾಕ್ಟರು ಒಂದೊಂದೇ ಕೇಳುತ್ತಾರೆ, ಪಾಲಮ್ಮ ಬಿದ್ದದ್ದನ್ನು ಕಂಡುಬಂದ ಮಲ್ಲಕ್ಕ ಹೇಳುತ್ತಾಳೆ. ನಾಲಿಗೆ ಕಚ್ಚಿಕೊಂಡಿದ್ದಳೇ? ಇಲ್ಲ. ರೆಪ್ಪೆ ತೆರೆಯಲು ಹೋದರೆ? ಇನ್ನೂ ಬಿಗಿ. ಬಹಳ ಹೊತ್ತೇ? ಒಲೆಯ ಮೇಲಿನ ಅನ್ನ ಬೇಯುವಷ್ಟು ಹೊತ್ತು, ನಡುನಡುವೆ ನಿಂತು. ಬೀಳುವುದು ಯಾವಾಗ? ನೀರಿಗೆ ಹೋಗುವ ಹೊತ್ತಿಗೆ. ಇವುಗಳಲ್ಲಿ ಒಂದನ್ನೇ ಹಿಡಿದು ಹೇಳಲಾಗದು, ಎಲ್ಲ ಕೂಡಿದಾಗ ಮಾತ್ರ ಹೇಳಬಹುದು ಎನ್ನುತ್ತಾರೆ ಡಾಕ್ಟರು. ಇದು ಮೆದುಳಿನಿಂದೇಳುವ ಮೂರ್ಛೆಯಂತೆ ಕಾಣುವುದಿಲ್ಲ. ಮನಸ್ಸು ನುಂಗಲಾರದ್ದು ಮೈಯಿಂದ ಹೊರಬೀಳುತ್ತಿದೆ. ಕೆಲವರಲ್ಲಿ ಎರಡೂ ಇರುವುದುಂಟು, ಹಾಗಾಗಿ ಮಾತ್ರೆಯನ್ನು ತಟ್ಟನೆ ಬಿಡಿಸುವಂತಿಲ್ಲ, ನೋಡಿಕೊಂಡು ಇಳಿಸಬೇಕು. ಆ ಬಾವಿಯ ಮಾತನ್ನು ಪಾಲಮ್ಮನಿಂದ ಆಡಿಸಬೇಕು.

"ಮೂರ್ಛೆ ಅಲ್ಲ ಅಂದ್ಮೇಲೆ ನಾಟಕ ಆಯ್ತು" ಎನ್ನುತ್ತಾಳೆ ಯಲ್ಲಕ್ಕ. "ಬರೆ ಬಿದ್ರೆ ತಾನೇ ಬಿಡ್ತಾಳೆ."

ಮಲ್ಲಕ್ಕ ಅವಳ ಪಕ್ಕದಲ್ಲೇ ಹೋಗಿ ಕೂರುತ್ತಾಳೆ. "ಯಲ್ಲಕ್ಕ, ಈ ಊರಾಗೆ ನಾಟಕ ಆಡೋಳು ನಾನು. ಕೂಗಿದ್ರೆ ಏಳ್ತೀನಿ. ಇವತ್ತು ಏಳಾಕೆ ಎಷ್ಟು ಕಷ್ಟ ಆಯ್ತು, ನೀನೇ ಕಂಡೆ. ಪಾಲಮ್ಮಂಗೆ ಏಳಾಕೇ ಬರಲ್ಲ. ಅವಳಿನ್ನೂ ಆ ಹಗ್ಗ ಬಿಟ್ಟಿಲ್ಲ ಕಣಮ್ಮ."

ಯಲ್ಲಕ್ಕ ಸೆರಗು ಹೊದ್ದು ಮೇಲೇಳುತ್ತಾಳೆ. ಹೊರಡುವಾಗ, "ಸೋಮವಾರ ಇಲ್ಲಿಗೇ ಕರ್ಕಂಡು ಬರ್ತೀನಿ" ಎನ್ನುತ್ತಾಳೆ.

ಬಿಸಿಲು ಜಗಲಿ ಹತ್ತುತ್ತದೆ. ಮಲ್ಲಕ್ಕ ಅಂಗೈಗಳನ್ನು ಸೀರೆಗೆ ಉಜ್ಜುತ್ತಾಳೆ, ನೋಡುತ್ತಾಳೆ, ಮತ್ತೆ ಉಜ್ಜುತ್ತಾಳೆ. ಈ ಕೆಲಸಕ್ಕೆ ಏನು ಬೇಕು ನಿನಗೆ ಎಂದು ಡಾಕ್ಟರು ಕೇಳಿದರೆ ಅವಳದು ಒಂದೇ ಮಾತು.

"ಬೀಳಾಕೆ ನಂಗೇನೂ ಭಯ ಇಲ್ಲ. ಗೋವಿಂದಯ್ಯಾರು ಹೆಸರು ಕೂಗೋದು ಮಾತ್ರ ನಿಲ್ಲಿಸಬಾರದು. ನಾನು ಏಳೋಗಂಟ."