ಟೊಮೆಟೊ ಒಪ್ಪದ ನಜ್ಜರೇನೊ

ಇಟಲಿಯ ಬೆಟ್ಟದೂರು ನಮ್ಮ ಗ್ರಿಷಾನೊದ ಪಾಸ್ತಾಕ್ಕೆ ಬೇಕಾದ್ದು ಹಂದಿಗೆನ್ನೆಯ ಮಾಂಸ, ಕುರಿಹಾಲಿನ ಚೀಸ್, ಕಾಳುಮೆಣಸು, ಅಷ್ಟೇ. ಪಕ್ಕದೂರು ಅಮಾತ್ರೀಚೆಯವರು ಅದಕ್ಕೇ ಟೊಮೆಟೊ ಸುರಿದು ಜಗತ್ತಿನಲ್ಲೆಲ್ಲ ಹೆಸರು ಮಾಡಿದರು. ಕುರಿಗಾಹಿ ನಜ್ಜರೇನೊ ಇದನ್ನು ಸಾಯುವವರೆಗೂ ಕ್ಷಮಿಸಲಿಲ್ಲ.

"ಟೊಮೆಟೊ ನಿನ್ನೆ ಮೊನ್ನೆ ಬಂದಿದ್ದು ಕಣ್ರೋ," ಎನ್ನುತ್ತಿದ್ದ. ಅದು ಬಂದು ಇನ್ನೂರು ವರ್ಷವಾಗಿತ್ತು.

ಗ್ರಹಚಾರಕ್ಕೆ ಹೆಂಡತಿ ಎರ್ಸಿಲಿಯಾ ಅಮಾತ್ರೀಚೆಯವಳು. ಅವಳು ಟೊಮೆಟೊ ಬೇಯಿಸಿದ ದಿನವೆಲ್ಲ, ಐವತ್ತು ವರ್ಷ, ಅವನು ಕುರಿದೊಡ್ಡಿಯಲ್ಲೇ ಮಲಗಿದ.

ಅವನು ಸತ್ತ ಮರುಬೇಸಿಗೆಗೆ ಗೋರಿಯ ಮೇಲೆ ಟೊಮೆಟೊ ಗಿಡ ಎದ್ದು ನಿಂತಿತು. ಊರಿಗೆ ಊರೇ ಕೆರಳಿತು. ಪಾದ್ರಿ ವಿಚಾರಣೆಗೆ ಬಂದರು.

"ಎರ್ಸಿಲಿಯಮ್ಮ, ಬೀಜ ನೀವೇ ಹಾಕಿದ್ದಾ?"

"ನಾನ್ಯಾಕೆ ಹಾಕ್ಲಿ ಫಾದರ್?" ಎಂದಳು ಅವಳು, ಹಣ್ಣು ಕೀಳುತ್ತ. "ನಮ್ಮ ಯಜಮಾನ್ರು ಕದ್ದು ಕದ್ದು ತಿಂದಿದ್ದು ಹೊಟ್ಟೇಲಿ ಸುಮ್ನಿರುತ್ತಾ?"