ಬಂಡೆ ಸಿಡಿಸುವ ಮೊದಲು ಕೂಗುವ ಹೆಸರುಗಳು

ಗುರುವಾರಗಳಂದು ನಾನು ಬೆಳಗಿನಿಂದ ನೀರು ಕುಡಿಯುವುದಿಲ್ಲ. ದೇವರಾಯಸಮುದ್ರದ ಆಚೆಯ ಆ ಕಲ್ಲು ಕ್ವಾರಿಯಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ವಾರಕ್ಕೊಮ್ಮೆ ಬರುವ ನನ್ನನ್ನು ಬಿಟ್ಟರೆ ಅಲ್ಲಿ ಹೆಂಗಸರೂ ಇಲ್ಲ. ಕೋಲಾರದ ನನ್ನ ಬಾಡಿಗೆ ಕೋಣೆಯಿಂದ ಹೊರಟು, ಮುಳಬಾಗಿಲಿನ ಬಸ್ಸು ಹತ್ತಿ, ಹೆದ್ದಾರಿಯಲ್ಲಿಳಿದು, ಕಲ್ಲು ತುಂಬಲು ಹೋಗುವ ಖಾಲಿ ಟಿಪ್ಪರಿನಲ್ಲಿ ಕುಳಿತು ಅಲ್ಲಿಗೆ ಹೋಗುತ್ತೇನೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಕೋಲಾರದ ಸಂಸ್ಥೆಯೊಂದರಲ್ಲಿ ಸೇರಿದ ಮೊದಲ ಕೆಲಸ ಇದು. ಊರಿನಿಂದ ದೂರ, ಗಂಡಸರೇ ತುಂಬಿರುವ ಕೆಲಸದ ಜಾಗಗಳಲ್ಲಿ ಜೊತೆಯವರಿಂದಲೇ ಕಿರುಕುಳ ಅನುಭವಿಸುವವರ ಮಾತು ಕೇಳುವುದು ನನ್ನ ಕೆಲಸ.

ಕೂರಲು ಕೊಟ್ಟಿದ್ದು ಲಾರಿ ತೂಗುವ ವೇಬ್ರಿಡ್ಜಿನ ಕ್ಯಾಬಿನ್. ಅದಕ್ಕೆ ಮೂರು ಕಡೆ ಗಾಜು. ಒಳಗೆ ಯಾರು ಬಂದರು, ಎಷ್ಟು ಹೊತ್ತು ಕೂತರು ಎಂಬುದು ಇಡೀ ಕ್ವಾರಿಗೆ ಕಾಣುತ್ತದೆ. ಮೊದಲ ದಿನ ಎಲ್ಲರನ್ನೂ ನಿಲ್ಲಿಸಿ ಒಂದು ಹಾಳೆ ಓದಿದೆ: ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಪ್ರಾಣಾಪಾಯದ ಸಂದರ್ಭ ಹೊರತು. ಆಮೇಲೆ ಐದು ವಾರ ಯಾರೂ ಬರಲಿಲ್ಲ. ತೂಕದ ಚೀಟಿಗೆ ಕೈ ಚಾಚುವ ಚಾಲಕರು, "ಮೇಡಂ, ನಂಗೂ ಒಂಚೂರು ತಲೆ ಕೆಟ್ಟೈತೆ, ನೋಡ್ತೀರಾ?" ಎನ್ನುತ್ತಿದ್ದರು. "ಬನ್ನಿ, ಕೂತ್ಕೊಳ್ಳಿ" ಎಂದರೆ ನಗುತ್ತ ಓಡುತ್ತಿದ್ದರು.

ಆರನೆಯ ವಾರ, ಬಂಡೆಗೆ ಕುಳಿ ಕೊರೆಯುವ ಕೆಲಸದವನೊಬ್ಬ ಬಾಟಲಿ ಹಿಡಿದು ಒಳಗೆ ಬಂದ. ವಯಸ್ಸು ನನ್ನಷ್ಟೇ ಇರಬಹುದು. ಕುಡಿಯುವ ನೀರಿನ ಕ್ಯಾನು ಕ್ಯಾಬಿನ್ನಿನಲ್ಲೇ ಇತ್ತು. ಗಾಜಿಗೆ ಬೆನ್ನು ಮಾಡಿ ನಿಂತು, ನಲ್ಲಿಯನ್ನು ದಾರದಷ್ಟೇ ತೆರೆದ.

"ನನ್ ಕಡೆ ನೋಡ್ಬೇಡಿ ಮೇಡಂ. ನೀರಿಗೆ ಬಂದೆ ಅನ್ಕೋಬೇಕು ಅವ್ರು."

ನಾನು ಕೈಯಲ್ಲಿದ್ದ ಪುಸ್ತಕ ನೋಡಿದೆ.

ಮುಳಬಾಗಿಲಿನಲ್ಲಿ ಅವರ ಮನೆಯವರದು ಬಳೆ ಅಂಗಡಿ ಇತ್ತಂತೆ. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದ. ಆ ಸಂಗತಿ ಜೊತೆಯವರಿಗೆ ತಿಳಿದ ದಿನದಿಂದ ಅವರ ಬಾಯಲ್ಲಿ ಆತನ ಹೆಸರು ‘ಬಳೆ’.

ಕ್ವಾರಿಯಲ್ಲಿ ದಿನವೂ ಒಂದೂವರೆಗೆ ಬಂಡೆ ಸಿಡಿಸುತ್ತಾರೆ. ಮೇಸ್ತ್ರಿ ಸೀಟಿ ಊದಿದರೆ ಎಲ್ಲರೂ ಗುಂಡಿಯಿಂದ ಮೇಲೆ ಬಂದು ಒಂದು ದೊಡ್ಡ ಬಂಡೆಯ ಮರೆಗೆ ಸೇರಬೇಕು. ಮೇಸ್ತ್ರಿ ನೆನಪಿನಿಂದಲೇ ಒಬ್ಬೊಬ್ಬರ ಹೆಸರು ಕೂಗುತ್ತಿದ್ದ. ಎಲ್ಲರಿಂದಲೂ "ಇದ್ದೀನಿ" ಎಂಬ ಉತ್ತರ ಬಂದ ಮೇಲೆಯೇ ಮದ್ದಿಗೆ ವೈರು ಜೋಡಿಸುವುದು.

"ನನ್ ಹೆಸ್ರು ಕೂಗಲ್ಲ ಮೇಡಂ. ಎರಡು ತಿಂಗ್ಳಾಯ್ತು."

"ಯಾಕೆ?"

"ತಮಾಷೆ. ಬಳೆ ಒಡೆದ್ರೆ ಇನ್ನೊಂದು ತೊಡಿಸಿದ್ರಾಯ್ತು ಅಂತ ನಗ್ತಾರೆ. ಸೋಮವಾರ ಡ್ರಿಲ್ ರಾಡು ಕುಳೀಲಿ ಸಿಕ್ಕಾಕೊಂಡಿತ್ತು, ಬಿಡಿಸ್ತಿದ್ದೆ. ಕಂಪ್ರೆಸರ್ ಸದ್ದಿಗೆ ಸೀಟಿ ಕೇಳ್ಲಿಲ್ಲ. ತಲೆ ಎತ್ತಿದ್ರೆ ಗುಂಡೀಲಿ ನಾನೊಬ್ನೇ."

ಬಾಟಲಿ ತುಂಬಿ ಚೆಲ್ಲಿತು. ಆತ ನಲ್ಲಿ ತಿರುಗಿಸಿದ.

"ಯಾರಿಗೂ ಹೇಳ್ಬಾರ್ದು. ಹೇಳಿದ್ರೆ ನಾನೇ ಅಂತ ಗೊತ್ತಾಗುತ್ತೆ. ಆಮೇಲೆ ಇಲ್ಲಿರೋಕಾಗಲ್ಲ."

"ಜೀವಕ್ಕೆ ಅಪಾಯ ಇರೋ ಮಾತು ನಾನು ಇಟ್ಕೊಳ್ಳೋ ಹಾಗಿಲ್ಲ. ಮೊದಲ ದಿನ ಓದಿದ್ನಲ್ಲ."

"ನೀವು ಓದಿದ್ದು ಯಾರಿಗ್ ಅರ್ಥ ಆಯ್ತು ಮೇಡಂ?"

"ನಿಮ್ಮ ಹೆಸರು ಬರದ ಹಾಗೆ ಏನಾದ್ರೂ ಮಾಡ್ತೀನಿ" ಎಂದೆ. ಆತ ಬಾಟಲಿಯ ಮುಚ್ಚಳ ತಿರುಗಿಸುತ್ತ ಹೊರಗೆ ಹೋದ. ಗಡಿಯಾರ ಹನ್ನೊಂದೂಮುಕ್ಕಾಲು ತೋರಿಸುತ್ತಿತ್ತು.

ಒಬ್ಬನ ಹೆಸರು ಬಿಡುತ್ತಿದ್ದಾರೆ ಎಂದು ದೂರಿದರೆ, ದೂರಿದವನು ಯಾರೆಂದು ಹುಡುಕಬೇಕಾಗಿರಲಿಲ್ಲ. ಸುಮ್ಮನಿದ್ದರೆ ಇನ್ನೊಂದು ಸೋಮವಾರ ಬರುತ್ತಿತ್ತು. ಮುಕ್ಕಾಲು ಗಂಟೆ ಯೋಚಿಸಿ ಕ್ವಾರಿ ಮ್ಯಾನೇಜರರ ಶೆಡ್ಡಿಗೆ ಹೋದೆ.

"ನನಗೆ ಭಯ ಆಗ್ತಿದೆ ಸರ್" ಎಂದೆ. "ಸಿಡಿಸೋ ಹೊತ್ತಲ್ಲಿ ನಾನೆಲ್ಲಿದ್ದೀನಿ ಅಂತ ಯಾರೂ ನೋಡಲ್ಲ. ನನ್ನ ಹೆಸರೂ ಕೂಗ್ಬೇಕು. ನೆನಪಿಂದ ಬೇಡ, ಹಾಜರಿ ಪುಸ್ತಕ ಹಿಡ್ಕೊಂಡು ಎಲ್ಲರದೂ ಓದ್ಲಿ. ದಿನಾ. ಇಲ್ಲಾಂದ್ರೆ ನಾನು ನಮ್ಮ ಆಫೀಸಿಗೆ ಬರೆದು ಕೊಡ್ಬೇಕಾಗುತ್ತೆ."

ಹೊರಗಿನವಳಿಗೆ ಏನಾದರೂ ಆದರೆ ತಲೆನೋವೆಂದು ಅವರಿಗೆ ತಟ್ಟನೆ ಹೊಳೆದಿರಬೇಕು. ಮೇಸ್ತ್ರಿಯನ್ನು ಕರೆಸಿ ಹಾಗೇ ಮಾಡಲು ಹೇಳಿದರು.

"ಏಮಮ್ಮಾ," ಎಂದ ಮೇಸ್ತ್ರಿ, "ಕ್ಯಾಬಿನ್ನಿಗೆ ಒಂದು ಚೂರೂ ಹಾರಲ್ಲ. ಅಷ್ಟು ಭಯ ಇದ್ರೆ ಟೌನಲ್ಲೇ ಇರ್ಬೇಕಪ್ಪಾ."

ಬಾಗಿಲಾಚೆಯಿಂದ ಯಾರೋ ಕೂಗಿದರು: "ಲೇ, ಮೇಡಂಗೇ ಯಾರಾದ್ರೂ ಕೌನ್ಸೆಲಿಂಗ್ ಕೊಡ್ರಲೇ!"

ಕಾಲೇಜಿನಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತದವಳು ನಾನು. ಭಯ ನನ್ನದಲ್ಲ ಎಂದು ತಿದ್ದಲು ಹೋಗಲಿಲ್ಲ.

ಒಂದೂವರೆಗೆ ಬಂಡೆಯ ಮರೆಯಲ್ಲಿ ನಾನೂ ನಿಂತೆ. ಮೇಸ್ತ್ರಿ ಪುಸ್ತಕ ತೆರೆದು ಓದತೊಡಗಿದ. ಏಳನೆಯ ಹೆಸರಿಗೆ ಉತ್ತರ ಬರಲಿಲ್ಲ. ಮತ್ತೆ ಓದಿದ. ನನ್ನ ಕಡೆ ನೋಡಿ ನಗುತ್ತಿದ್ದವರ ನಗು ನಿಂತಿತು. ಒಬ್ಬಿಬ್ಬರು ಗುಂಡಿಯ ಕಡೆ ಕತ್ತು ಚಾಚಿದರು.

"ಎಲ್ಲೋ ಇವ್ನು?" ಎಂದ ಮೇಸ್ತ್ರಿ. ಆ ದನಿಯಲ್ಲಿ ತಮಾಷೆ ಇರಲಿಲ್ಲ.

ಆತ ನನ್ನಿಂದ ನಾಲ್ಕು ಹೆಜ್ಜೆಯಲ್ಲೇ ನಿಂತಿದ್ದ. ಎರಡು ತಿಂಗಳಿಂದ ಕರೆಯದ ಹೆಸರಿಗೆ ಕಾಯುವುದನ್ನೇ ಬಿಟ್ಟಿದ್ದ. ಪಕ್ಕದವನು ಮೊಣಕೈಯಿಂದ ತಿವಿದು, "ಲೇ ಬಳೆ, ನಿಂದೇ ಕಣೋ" ಎಂದ ಮೇಲೆ ಬಾಯಿ ತೆರೆದ.

"ಇದ್ದೀನಿ."

ಕೊನೆಗೆ ಮೇಸ್ತ್ರಿ ನನ್ನ ಹೆಸರನ್ನು ಎಳೆದೆಳೆದು ಓದಿದ. "ಇದ್ದೀನಿ" ಎಂದೆ.

"ಕೇಳಿಸ್ಲಿಲ್ಲ ಮೇಡಂ! ಭಯಕ್ಕೆ ಗಂಟ್ಲು ಕಟ್ಕೊಂಡಂಗೈತೆ!"

ಎಲ್ಲರೂ ನಕ್ಕರು. ಏಳನೆಯ ಹೆಸರಿನವನೂ ನಕ್ಕ. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಪಕ್ಕದವನ ಭುಜಕ್ಕೆ ಭುಜ ತಾಗಿಸಿ ನಕ್ಕ. ನಾನು ಇನ್ನೊಮ್ಮೆ, ಜೋರಾಗಿ, "ಇದ್ದೀನಿ" ಎಂದೆ. ಆಮೇಲೆ ಕಾಲಡಿಯ ನೆಲ ನಡುಗಿತು, ಧೂಳು ಎದ್ದಿತು.

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಆ ನಗು ನನಗೇಕೆ ಚುಚ್ಚಬೇಕು ಎಂದು ಕೇಳಿಕೊಂಡೆ. ನಾನೇ ಬೇಡಿ ತಂದುಕೊಂಡದ್ದಲ್ಲವೇ. ಕೋಣೆಗೆ ಬಂದು ಎರಡು ಲೋಟ ನೀರು ಕುಡಿದು ವರದಿ ಬರೆದೆ. ಹಾಜರಿ ಕೂಗುವ ಕ್ರಮ ಬದಲಾಗಿದೆ ಎಂಬ ಒಂದು ಸಾಲು. ಮಿಕ್ಕದ್ದನ್ನು ಹೇಳಲು ಯಾರೂ ಇರಲಿಲ್ಲ. ಇದ್ದರೂ ಹೇಳುವ ಹಾಗಿರಲಿಲ್ಲ.

ಆತ ಮತ್ತೆ ಕ್ಯಾಬಿನ್ನಿಗೆ ಬರಲಿಲ್ಲ. ನೀರಿಗೂ ಬೇರೆಯವರನ್ನು ಕಳಿಸುತ್ತಾನೆ. ನನ್ನೊಂದಿಗೆ ಕಾಣಿಸಿಕೊಳ್ಳುವುದು ಈಗ ಯಾರಿಗೂ ಒಳ್ಳೆಯದಲ್ಲ. ಪ್ರತಿ ಗುರುವಾರ ಒಂದೂವರೆಗೆ ನಾನು ಬಂಡೆಯ ಮರೆಗೆ ಹೋಗಿ ನಿಲ್ಲುತ್ತೇನೆ. ನನ್ನ ಉತ್ತರ ಅವರಿಗೆ ಒಂದೇ ಸಲಕ್ಕೆ ಕೇಳಿಸುವುದಿಲ್ಲ. ಎರಡು ಸಲ ಹೇಳಿಸುತ್ತಾರೆ. ಏಳನೆಯ ಹೆಸರಿನ ಉತ್ತರ ಮಾತ್ರ ಮೊದಲ ಸಲಕ್ಕೇ ಬರುತ್ತದೆ.