ಹ್ಯಾಂಡಲ್ ತಿರುಗಿಸಿದ ಕೈ

"ಅಕ್ಕಾರ, ಹೆಬ್ಬೆರಳು ತಗೀರಿ! ಹ್ಯಾಂಡಲ್ ಹಿಂದಕ್ಕ ಒದ್ದರ ಮುರೀತೈತಿ!"

ಸವಣೂರಿನ ಎಲೆ ಪೇಟೆಯ ಮುಂದೆ, ಹಾನಗಲ್ಲಿಗೆ ವಾಪಸ್ ಹೊರಡಲು ನನ್ನ ಪುಟ್ಟ ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸುತ್ತಿದ್ದೆ. ಎರಡನೇ ಮಹಾಯುದ್ಧಕ್ಕೂ ಮೊದಲಿನ ಕಾರು, ನಮ್ಮ ಡ್ಯಾಡಿಯದು. ಕೂಗಿದವಳು ವೀಳ್ಯದೆಲೆ ಮಾರುವ, ಹೆಚ್ಚುಕಮ್ಮಿ ನನ್ನದೇ ವಯಸ್ಸಿನ ಹೆಂಗಸು. ಎದ್ದು ಬಂದು ನನ್ನ ಕೈ ಸರಿಸಿದಳು. ಹೆಬ್ಬೆರಳನ್ನು ಉಳಿದ ಬೆರಳುಗಳ ಸಾಲಿಗೇ ಇಟ್ಟು ಒಂದೇ ಎಳೆತಕ್ಕೆ ಎಂಜಿನ್ ಎಬ್ಬಿಸಿಬಿಟ್ಟಳು.

"ಮೈ ಗಾಡ್! ಇದನ್ನ ಎಲ್ಲಿ ಕಲ್ತಿ?" ಎಂದೆ.

"ನಮ್ಮಪ್ಪ ಕಲಿಸಿದ್ದರಿ. ನೋಡಿದ ಕೂಡ್ಲೆ ಗುರ್ತ ಹಿಡಿದ್ನಿ, ಇದು ನಿಮ್ಮಪ್ಪಾರ ಗಾಡಿ. ಅವರ ಹತ್ರ ಕೆಲಸಕ್ಕಿದ್ದಾಗ ದಿನಾ ನಮ್ಮಪ್ಪನ ಇದನ್ನ ಎಬ್ಬಸ್ತಿದ್ದ. ಒಮ್ಮೆ ಹ್ಯಾಂಡಲ್ ಒದ್ದು ಹೆಬ್ಬೆರಳು ಹೋತು. ಅವತ್ತ ಕೆಲಸಾನೂ ಹೋತು."

ಕಾರನ್ನು ಡ್ಯಾಡಿಯೇ ಸ್ಟಾರ್ಟ್ ಮಾಡುತ್ತಿದ್ದರು ಎಂದೇ ನನ್ನ ನೆನಪು. ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬಂದಾಗ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದೆ. ಬಾನೆಟ್ಟಿನ ಆಚೆ ಬಾಗಿದ ಬೆನ್ನು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆಮೇಲೆ ಡ್ಯಾಡಿ ಬಂದು ಸ್ಟಿಯರಿಂಗ್ ಹಿಡಿಯುತ್ತಿದ್ದರು. ಹಾಗಾದರೆ ಆ ಬೆನ್ನು ಯಾರದು?

ಸಾರಿ ಎನ್ನಲೋ, ಹಾಗಿರಲಿಕ್ಕಿಲ್ಲ ಎನ್ನಲೋ ತಿಳಿಯದೆ, "ಬಾ, ಕೂಡು, ಒಂದು ರೌಂಡ್ ಹೋಗೋಣ" ಎಂದುಬಿಟ್ಟೆ.

"ಬ್ಯಾಡ್ರಿ, ಎಲಿ ಬಾಡ್ತಾವ" ಎಂದು ನಕ್ಕು, ತನ್ನ ಬುಟ್ಟಿಯ ಹತ್ತಿರ ಹೋಗಿ ಕೂತಳು.

ಅದು ಕ್ಷಮಿಸಿದ ನಗುವೋ, ಚುಚ್ಚಿದ ನಗುವೋ, ಇನ್ನೂ ಅರ್ಥವಾಗಿಲ್ಲ. ಆ ಹೆಬ್ಬೆರಳಿನ ವಿಷಯ ಕೇಳೋಣವೆಂದರೆ ಡ್ಯಾಡಿ ಈಗ ಬದುಕಿಲ್ಲ. ಮುಂದಿನ ವಾರ ಈ ಕಾರು ಬಿಟ್ಟು ಬಸ್ಸಿನಲ್ಲಿ ಸವಣೂರಿಗೆ ಹೋಗುತ್ತೇನೆ. ಅವಳ ಅಪ್ಪನ ಹೆಸರನ್ನಾದರೂ ಕೇಳಿಕೊಂಡು ಬರಬೇಕು.